ಮಿನ್ನೆಗುಲ್ ಅಪಾ ಒಲಿಸಿಕೊಂಡ ರಂಜಕ

ಮಿನ್ನೆಗುಲ್ ಅಪಾ ಟ್ರಾಮ್ ಹತ್ತಿದರೆ ಅಕ್ಕಪಕ್ಕದ ಆಸನಗಳು ತಾವಾಗಿಯೇ ತೆರವಾಗುತ್ತಿದ್ದವು. ಗೌರವದಿಂದ ಎಂದುಕೊಂಡವರು ಒಮ್ಮೆ ಆಕೆಯ ಪಕ್ಕದಲ್ಲಿ ಕೂತು ನೋಡಬೇಕಿತ್ತು: ರಂಜಕದ ಸಂಯುಕ್ತಗಳೊಡನೆ ಹರೆಯವನ್ನೆಲ್ಲ ಕಳೆದ ಆ ವಿದುಷಿಯ ಬೂದುಬಣ್ಣದ ಉಣ್ಣೆಯ ಕೋಟಿನಲ್ಲಿ ಕೊಳೆತ ಬೆಳ್ಳುಳ್ಳಿಯಂಥ ಘಾಟೊಂದು ಖಾಯಂ ಬಿಡಾರ ಹೂಡಿತ್ತು. ಆಕೆಯೋ ಪಟ್ಟದರಸಿಯಂತೆ ವಿರಾಜಮಾನರಾಗಿ, ಹೆಪ್ಪುಗಟ್ಟಿದ ನದಿಯನ್ನು ನೋಡುತ್ತ ಪ್ರಯೋಗಶಾಲೆಗೆ ಬರುತ್ತಿದ್ದರು. ನಮ್ಮ ಕಜಾನ್ ಊರಿನಲ್ಲಿ ಅಪಾ ಎಂದರೆ ಅಕ್ಕ; ನಮ್ಮ ರಸಾಯನ ವಿಭಾಗಕ್ಕೆಲ್ಲ ಆಕೆ ಅಕ್ಕ. ಬಾತುಕೋಳಿಯಂತೆ ಓಲಾಡುವ ನಡಿಗೆ, ಯಾರು ಏನೇ ಹೇಳಲಿ, "ಹೂಂ, ಆಮೇಲೆ?" ಎನ್ನುವ ಚಾಳಿ.

ರಂಜಕದ ಸಂಯುಕ್ತವಾದ ಫಾಸ್ಫೈಟಿಗೆ ಬ್ರೋಮೈಡ್ ಬೆರೆಸಿ ಕಾಯಿಸಿ, ರಂಜಕಕ್ಕೂ ಇಂಗಾಲಕ್ಕೂ ನೇರ ನಂಟು ಬೆಸೆಯುವ ಕ್ರಿಯೆ ಇಲ್ಲೇ ಬೆಳೆದದ್ದು, ನಮ್ಮೂರಿಗೆ ಮನೆಮಗಳಿದ್ದಂತೆ. ಆದರೂ ಆ ಚಳಿಗಾಲ, ಕಣ್ಣಿನ ಔಷಧಕ್ಕೆಂದು ಹಾಗೆ ತಯಾರಿಸಬೇಕಿದ್ದ ವಸ್ತುವೊಂದು ಯಾರ ಕೈಗೂ ಶುದ್ಧವಾಗಿ ದಕ್ಕಲಿಲ್ಲ. ವಿಭಾಗದ ಮುಖ್ಯಸ್ಥ ವೆನಿಯಮಿನ್ ಲ್ವೋವಿಚ್ ಒಳ್ಳೆಯವರು, ಆತುರಗಾರರು. ಸಭೆಯಲ್ಲಿ ಕೈ ಝಾಡಿಸಿಬಿಟ್ಟರು.

"ಇದು ಆಗೋ ಕೆಲ್ಸ ಅಲ್ಲ. ನಿಲ್ಸೋಣ."

"ಹೂಂ, ಆಮೇಲೆ?" ಎಂದರು ಅಪಾ.

"ಆಮೇಲೇನಿದೆ ಅಪಾ? ಮುಗೀತು."

"ಒಳಗೆ ಹೊಸದಾಗಿ ಹುಟ್ಟೋ ಬ್ರೋಮೈಡನ್ನ ನೀವು ಹೊರಗೆ ಬಿಡ್ತಾನೇ ಇಲ್ಲ. ಆವಿಯಾಗಿ ಎದ್ದಿದ್ದನ್ನ ತಣ್ಣಗೆ ಮಾಡಿ ಮತ್ತೆ ಪಾತ್ರೆಗೇ ಇಳಿಸ್ತೀರಿ. ಅದು ಕೂತ್ಕೊಂಡು ಫಾಸ್ಫೈಟನ್ನೇ ತಿಂದ್ಹಾಕ್ತಿದೆ. ಚಹಾ ಕುಡಿದಾದ ನೆಂಟರನ್ನ ಕಳಿಸಿಕೊಡ್ಬೇಕು. ಮತ್ತೆ ಎಳ್ಕೊಂಬಂದು ಸಮೋವಾರ್ ಮುಂದೆ ಕೂರಿಸ್ತಾರಾ?"

ಯಾರೋ ಕಿಸಕ್ಕನೆ ನಕ್ಕು ಕೇಳಿದರು, "ನಿಮ್ಮ ಪ್ರಯೋಗವೂ ಕೆಟ್ರೆ?"

"ನನ್ನ ಮೇಜು ಬಿಟ್ಟುಕೊಟ್ಟು ಮನೆಗೆ ಹೋಗ್ತೀನಿ ಕಣಯ್ಯಾ."

ಮರುದಿನ ಅಪಾ ಗಾಜಿನ ಪಾತ್ರೆಗಳನ್ನು ತೇವದ ಸುಳಿವೂ ಉಳಿಯದಂತೆ ಒಣಗಿಸಿದರು. ನೆಟ್ಟಗೆ ನಿಲ್ಲಿಸುತ್ತಿದ್ದ, ಆವಿ ತಣಿಸುವ ತಂಪುನಳಿಗೆಯನ್ನು ಓರೆಯಾಗಿ ಹೊರಮುಖ ತಿರುಗಿಸಿ, ಮಗುವಿಗೆ ಹಾಲು ಕಾಯಿಸುವ ತಾಳ್ಮೆಯಿಂದ ಕಾವು ಏರಿಸಿದರು. ಹುಟ್ಟಿದ ಬ್ರೋಮೈಡ್ ಹನಿಹನಿಯಾಗಿ ಹಿಮದಲ್ಲಿಟ್ಟ ಸೀಸೆಗೆ ಇಳಿಯತೊಡಗಿತು. ಅದೆಲ್ಲ ಹೋದಮೇಲೆ ಉಳಿದದ್ದನ್ನು ಭಟ್ಟಿಯಿಳಿಸುವ ಹೊತ್ತಿಗೆ ಇಡೀ ವಿಭಾಗ ಸುತ್ತ ನೆರೆದಿತ್ತು; ಅಪಾ ಉಷ್ಣಮಾಪಕದಿಂದ ಕಣ್ಣು ಕೀಳಲಿಲ್ಲ. ಪಾದರಸ ಏರಿತು, ಏರಿ ಒಂದು ಗೆರೆಯಲ್ಲಿ ನಿಂತಿತು, ಕೊನೆಯ ಹನಿಯವರೆಗೂ ಅಲುಗಲಿಲ್ಲ. ಕಲಬೆರಕೆಯಿದ್ದರೆ ಅದು ಹಾಗೆ ನಿಲ್ಲುವುದಿಲ್ಲ.

"ನಿಂತಿದೆ! ಅಪಾ, ನಿಂತೇಬಿಟ್ಟಿದೆ!" ಎಂದು ಮೊದಲು ಕೂಗಿದವರು ವೆನಿಯಮಿನ್ ಲ್ವೋವಿಚ್ಚೇ. ಕೂಗಿದ್ದಷ್ಟೇ ಅಲ್ಲ, ಆ ಘಾಟಿನ ಕೋಟನ್ನು ಬಾಚಿ ತಬ್ಬಿಕೊಂಡರು. ಅಪಾ ಕಣ್ಣೊರೆಸಿಕೊಂಡು, ಜೇನಿನ ಚಕ್‌ಚಕ್ ಮಿಠಾಯಿಯ ಮೊದಲ ತುಂಡನ್ನು ಅವರ ಬಾಯಿಗೇ ತುರುಕಿದರು.

ಇಂಥವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಜಗತ್ತು ತಮ್ಮ ಮಾತು ಕೇಳಲೆಂಬ ಹಂಬಲಕ್ಕಿಂತ, ಮೂಕವಸ್ತು ಏನನ್ನು ಬೇಡುತ್ತಿದೆಯೆಂದು ಕಿವಿಗೊಡುವುದರಲ್ಲೇ ಅವರ ಆಯುಷ್ಯ ಸವೆಯುತ್ತದೆ. ಅದು ಒಲಿದು ಉತ್ತರಿಸಿದ ದಿನ ಅವರೆದುರು ವಾದಿಸಿ ಸೋತವನಿಗೂ ಗೆಲುವಿನಲ್ಲಿ ಪಾಲು ಸಿಗುತ್ತದೆ.