ಡಾಕ್ಟರಬಾಯಿಯ ಕಾರು

ನಾನು ಒಂದು ಕಾರು. ದುಂಡು ಮೂತಿಯ, ಹಾಲುಕೆನೆ ಬಣ್ಣದ, ಹಳೆಯ ಕಾಲದ ಪೆಟ್ರೋಲು ಕಾರು. ಕಾರ್ಖಾನೆಯಲ್ಲಿ ನನ್ನನ್ನು ತಗ್ಗಿಸಿದರು, ಎತ್ತಿದರು, ಬಡಿದರು, ಬಣ್ಣ ಹಚ್ಚಿದರು. ಅದೆಲ್ಲ ಮಸುಕು ಮಸುಕು. ಸ್ಪಷ್ಟವಾಗಿ ನೆನಪಿರುವುದು ಒಂದೇ. ಮೊದಲ ಸಲ ಟ್ಯಾಂಕಿಗೆ ಪೆಟ್ರೋಲು ಸುರಿದಾಗ ಹೊಟ್ಟೆ ತಣ್ಣಗಾಯಿತು, ಸ್ವಲ್ಪ ಹೊತ್ತಿಗೆ ಎದೆ ಬೆಚ್ಚಗಾಯಿತು.

ಸಾವಿರದ ಒಂಬೈನೂರ ಅರವತ್ಮೂರರಲ್ಲಿ ಗೂಡ್ಸ್ ರೈಲು ಹತ್ತಿ ಹುಬ್ಬಳ್ಳಿಗೆ ಬಂದೆ. ಅಲ್ಲಿಂದ ನನ್ನನ್ನು ಗದಗಿಗೆ ಓಡಿಸಿಕೊಂಡು ಹೋದವರು ಒಬ್ಬ ಹೆಂಗಸು, ಹೆರಿಗೆ ಡಾಕ್ಟರು ಇಂದುಮತಿ ಕೊಣ್ಣೂರ. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕ್ಲಚ್ ತುಳಿಯುತ್ತಿದ್ದರು. ದಾರಿಯಲ್ಲಿ ಸೈಕಲ್ಲಿನವರು ಇಳಿದು ನಿಂತು ನೋಡುತ್ತಿದ್ದರು. ಊರಿನವರಿಗೆ ಅವರು ಡಾಕ್ಟರಬಾಯಿ, ನಾನು ಡಾಕ್ಟರಬಾಯಿಯ ಕಾರು. ನನಗೆ ಬೇರೆ ಹೆಸರು ಬೇಕೆನಿಸಲಿಲ್ಲ.

ಮುಳಗುಂದ, ಲಕ್ಕುಂಡಿ, ಡಂಬಳ, ಎಲ್ಲಿಂದಲಾದರೂ ಕರೆ ಬರುತ್ತಿತ್ತು. ಒಮ್ಮೆ ಎರೆಹೊಲದ ನಡುವೆ, ನಡುಮಧ್ಯಾಹ್ನ, ನೀಲವ್ವ ಎಂಬ ಬಸುರಿಯನ್ನು ಆಸ್ಪತ್ರೆಗೆ ಕರೆತರುತ್ತಿದ್ದೆವು. ಅರ್ಧ ದಾರಿಯಲ್ಲಿ ಆಕೆ ಸೀಟನ್ನು ಬಿಗಿಯಾಗಿ ಹಿಡಿದಳು. ಡಾಕ್ಟರಬಾಯಿ ನನ್ನನ್ನು ಜಾಲಿಮರದ ನೆರಳಿಗೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲೇ ಹೆರಿಗೆ ಮಾಡಿಸಿದರು. ಹೆಣ್ಣುಮಗು ಅತ್ತಾಗ ಆಚೆಗೆ ಬೆನ್ನು ತಿರುಗಿಸಿ ನಿಂತಿದ್ದ ಅದರ ಅಪ್ಪ ರುಮಾಲಿನಿಂದ ಕಣ್ಣೊರೆಸಿಕೊಂಡ. ಸೀಟಿನ ಕಲೆ ಹೋಗಲಿಲ್ಲ. ಬಟ್ಟೆ ಬದಲಿಸಿರೆಂದು ಎಷ್ಟು ಜನ ಹೇಳಿದರೂ ಡಾಕ್ಟರಬಾಯಿ, "ಇರ್ಲಿ ಬಿಡ್ರಿ, ಅದು ಹೊಲಸಲ್ಲ" ಎನ್ನುತ್ತಿದ್ದರು.

ನನ್ನ ಮೈ ನೋಡಿಕೊಳ್ಳುತ್ತಿದ್ದವನು ಸ್ಟೇಶನ್ ರೋಡಿನ ಮೆಕ್ಯಾನಿಕ್ ರಾಜೇಸಾಬ ನದಾಫ. ಬಾನೆಟ್ ತೆರೆದ ಕೂಡಲೇ ಸ್ಪ್ಯಾನರ್ ಹಿಡಿಯುವವನಲ್ಲ. ಮೊದಲು ಸುಮ್ಮನೆ ನಿಂತು ಕೇಳುವವನು.

ಮೂವತ್ತೈದು ವರ್ಷ ಹೀಗೆ ಹೋಯಿತು. ಡಾಕ್ಟರಬಾಯಿಯ ಕಣ್ಣು ಮಂಜಾಯಿತು. ಧಾರವಾಡದಲ್ಲಿದ್ದ ತಂಗಿಯ ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ದಳು, ನನ್ನನ್ನು ಒಬ್ಬ ಹೆಂಚಿನ ವ್ಯಾಪಾರಿಗೆ ಕೊಟ್ಟರು. ಹೊರಡುವ ದಿನ ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಇರವ್ವಾ. ಒಂದಿನ ನೋಡಾಕ ಬರ್ತೀನಿ" ಎಂದರು.

ಆ ಮಾತನ್ನು ಹಿಡಿದುಕೊಂಡು ವ್ಯಾಪಾರಿಯ ಶೆಡ್ಡಿನಲ್ಲಿ ಹದಿನೆಂಟು ವರ್ಷ ಕಳೆದೆ. ಯಾರಾದರೂ ಬಾಗಿಲಿನ ಹಿಡಿಕೆ ಮುಟ್ಟಿದರೆ ಬಳೆಯ ಸದ್ದಿಗೆ ಕಾಯುತ್ತಿದ್ದೆ.

ಆಮೇಲೆ ಬೆಳಗಾವಿಯ ಅಭಿನಂದನ ಚೌಗುಲೆ ನನ್ನನ್ನು ಕೊಂಡರು. ಫೌಂಡ್ರಿಯ ಮಾಲೀಕರು, ಹಳೆಯ ಕಾರುಗಳೆಂದರೆ ಪ್ರಾಣ. ಹೊಸ ಬಣ್ಣ, ಹೊಸ ಸೀಟು, ಟ್ಯಾಂಕಿಗೆ ಥಳಥಳಿಸುವ ಹೊಸ ಮುಚ್ಚಳ ಹಾಕಿಸಿದರು. ಕನ್ನಡಿಯಂತಾದೆ. ಆದರೆ ಓಡಲಾರದಾದೆ.

ಬೆಳಿಗ್ಗೆ ಚೆನ್ನಾಗಿಯೇ ಹೊರಡುತ್ತಿದ್ದೆ. ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ಬಾಯಾರಿದಂತಾಗಿ, ಎರಡು ಸಲ ಮುಗ್ಗರಿಸಿ ನಿಲ್ಲುತ್ತಿದ್ದೆ. ಸೆಲ್ಫ್ ಎಷ್ಟು ಹೊಡೆದರೂ ಏಳುತ್ತಿರಲಿಲ್ಲ. ಟ್ಯಾಂಕು ತುಂಬಿರುತ್ತಿತ್ತು, ಎದೆಗೆ ಹನಿಯೂ ಬರುತ್ತಿರಲಿಲ್ಲ. ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ. ಇನ್ನೊಬ್ಬ ಪೆಟ್ರೋಲ್ ಪಂಪು ಬದಲಿಸಿದ. ಮೂರನೆಯವನು ಪೈಪುಗಳನ್ನೆಲ್ಲ ಹೊಸದು ಮಾಡಿದ. ಕೆಲಸ ಮುಗಿಸಿ ಪೆಟ್ರೋಲು ಹಾಕಲು ಮುಚ್ಚಳ ತೆಗೆದಾಗ ನನಗೆ ಜೀವ ಬರುತ್ತಿತ್ತು. ಪ್ರತಿಯೊಬ್ಬನೂ ತನ್ನ ಕೈಗುಣವೆಂದುಕೊಂಡು ಹೋಗುತ್ತಿದ್ದ. ಎಲ್ಲಿ ನೋವೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಹೀಗೆ ನಾಲ್ಕು ವರ್ಷ ಕಳೆದಾಗ ಚೌಗುಲೆಯವರಿಗೆ ಬೇಸರ ಬಂತು. ಒಂದು ಹೋಟೆಲಿನವರು ಬಾಗಿಲಲ್ಲಿ ಶೋಭೆಗೆ ನಿಲ್ಲಿಸಲು ನನ್ನನ್ನು ಕೇಳಿದರು. ಅವರಿಗೆ ಎಂಜಿನ್ ಬೇಡ, ಖಾಲಿ ಮೈ ಸಾಕು. ಸೋಮವಾರ ಎಂಜಿನ್ ಇಳಿಸುವುದೆಂದಾಯಿತು. ಶುಕ್ರವಾರ ಡ್ಯಾಶಿನ ಗೂಡು ಖಾಲಿ ಮಾಡುವಾಗ ಗದಗಿನ ಗ್ಯಾರೇಜಿನ ಹಳೆಯ ಚೀಟಿ ಸಿಕ್ಕಿತು, ಮೇಲೆ ಡಾಕ್ಟರಬಾಯಿಯ ಕಾರು ಎಂದು ಬರೆದಿತ್ತು. ಚೌಗುಲೆ ಅಲ್ಲಿಗೆ ಯಾರನ್ನೋ ಕಳಿಸಿ ವಿಚಾರಿಸಿದರು. ಭಾನುವಾರ ಬಸ್ಸಿನಲ್ಲಿ ರಾಜೇಸಾಬ ಬಂದ. ಎಪ್ಪತ್ತಾರು ವರ್ಷ, ಬೆನ್ನು ಬಾಗಿತ್ತು. ನನ್ನ ಸುತ್ತ ಒಂದು ಸುತ್ತು ಬಂದ.

"ಏನೇನು ಬಿಚ್ಚಬೇಕು ಹೇಳ್ರಿ, ನಮ್ಮ ಹುಡುಗರನ್ನ ಕರೀತೀನಿ" ಎಂದರು ಚೌಗುಲೆ.

"ಏನೂ ಬಿಚ್ಚಬ್ಯಾಡ್ರಿ ಸಾಹೇಬ್ರ. ಅದು ನಿಲ್ಲೋತನಕ ಓಡಸ್ರಿ. ನಾ ಬಾಜೂ ಕುಂದರ್ತೀನಿ."

ಹೆದ್ದಾರಿಯ ಪಕ್ಕದ ಕಬ್ಬಿನ ಗದ್ದೆಯ ಬಳಿ ನಿಂತೆ. ರಾಜೇಸಾಬ ಇಳಿದು ಬಾನೆಟ್ ಎತ್ತಿದ. ಪ್ಲಗ್ಗಿನ ತಂತಿ ತೆಗೆದು ಕಿಡಿ ನೋಡಿದ, ಇತ್ತು. ಕಾರ್ಬುರೇಟರಿನ ಪೈಪು ಕಳಚಿ ಪಂಪಿನ ಕೈಹಿಡಿಕೆ ಒತ್ತಿದ. ಪೆಟ್ರೋಲು ಬರಲಿಲ್ಲ.

"ಪಂಪ್ ಹೊಸಾದ್ರಿ" ಎಂದರು ಚೌಗುಲೆ.

"ಪಂಪಿನ ತಪ್ಪಿಲ್ರಿ. ನೀವೊಂದೀಟು ಸುಮ್ಮನಿರ್ರಿ."

ಹಿಂದೆ ಬಂದು, ಟ್ಯಾಂಕಿಗೆ ಕಿವಿಕೊಟ್ಟು, ಮುಚ್ಚಳವನ್ನು ಮೆಲ್ಲಗೆ ತಿರುವಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಎಷ್ಟು ಕಾಲದ ಬಿಗಿತ ಸಡಿಲಿತೋ. ಅವನು ಮುಂದೆ ಹೋಗಿ ಮತ್ತೆ ಪಂಪು ಒತ್ತಿದ. ಪೆಟ್ರೋಲು ಅವನ ಬೆರಳು ತೋಯಿಸಿತು.

"ಹಳೇ ಮುಚ್ಚಳಕ್ಕ ಸೂಜಿಯಷ್ಟು ತೂತಿತ್ರಿ. ಪೆಟ್ರೋಲು ಹ್ವಾದಷ್ಟು ಗಾಳಿ ಒಳಗ ಬರಬೇಕು. ಈ ಹೊಸಾದಕ್ಕ ತೂತಿಲ್ಲ. ಉಸಿರು ಕಟ್ಟೇತಿ ಇದಕ್ಕ."

ಅಷ್ಟೇ ಆಗಿತ್ತು. ಫೌಂಡ್ರಿಗೆ ಮರಳಿ ಮುಚ್ಚಳಕ್ಕೆ ಸಣ್ಣ ತೂತು ಕೊರೆದರು. ಚೌಗುಲೆ ಹೋಟೆಲಿನವರಿಗೆ ಫೋನು ಮಾಡಿ ಆಗುವುದಿಲ್ಲವೆಂದರು. ಆಮೇಲೆ ಕೀಲಿಯನ್ನು ರಾಜೇಸಾಬನ ಕೈಗಿತ್ತರು.

ಚೌಗುಲೆ ಪಕ್ಕದಲ್ಲಿ ಕುಳಿತರು, ಓಡಿಸಿ ನೋಡಲು ಧಾರವಾಡದ ದಾರಿ ಹಿಡಿದೆವು. ಎಂಟು ಕಿಲೋಮೀಟರು ದಾಟಿತು, ಇಪ್ಪತ್ತು ದಾಟಿತು. ನಾನು ನಿಲ್ಲಲಿಲ್ಲ. ಈ ರಸ್ತೆಯ ಕೊನೆಗೆ ಅವರ ಮನೆ ಇರಬೇಕು ಎಂದುಕೊಂಡು, ನನ್ನ ವಯಸ್ಸು ಮರೆತು ಓಡಿದೆ.

"ಡಾಕ್ಟರಬಾಯಾರಿಗೆ ಒಮ್ಮೆ ತೋರಿಸಿಕೊಂಡು ಬರೋಣೇನ್ರಿ?" ಎಂದು ಚೌಗುಲೆ ಕೇಳಿದರು.

ರಾಜೇಸಾಬ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಅವರು ಹೋಗಿ ಮೂರು ವರ್ಷ ಆತ್ರಿ. ಕಡೀ ವರ್ಷ ನಾ ಹ್ವಾದಾಗೆಲ್ಲ, ಕಾರು ಎಲ್ಲೈತಿ ರಾಜೇಸಾಬ, ಒಮ್ಮೆ ಹೋಗೂಣು ಅಂತಿದ್ರು. ಹೆಂಚಿನವರು ಯಾರಿಗೆ ಮಾರಿದ್ರೋ ನನಗೂ ಗೊತ್ತಿರಲಿಲ್ಲ. ಗಂಟೆ, ಒಂದೂವರಿ ಗಂಟೆ ದಾರಿ. ಇಲ್ಲೇ ಇತ್ತು ನೋಡ್ರಿ."

ಅಲ್ಲೇ ನಿಂತುಬಿಡಬೇಕು ಅನ್ನಿಸಿತು. ಹಿಂದಿನ ದಿನವಾಗಿದ್ದರೆ ನಿಂತೂ ಇರುತ್ತಿದ್ದೆ. ಆದರೆ ಟ್ಯಾಂಕಿನೊಳಗೆ ಗಾಳಿ ಆಡುತ್ತಿತ್ತು, ಪೆಟ್ರೋಲು ತಡೆಯಿಲ್ಲದೆ ಬರುತ್ತಿತ್ತು. ಓಡಿದೆ.