ಚಿಗುರು ಬಿಡದ ಕತ್ತರಿ

ನಾನು ಒಂದು ಗಿಡ ಸವರುವ ಕತ್ತರಿ. ಸುಂಟಿಕೊಪ್ಪದ ಕುಲುಮೆಯೊಂದರಲ್ಲಿ, ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ನನ್ನನ್ನು ಮಾಡಿದರು. ಬಣ್ಣದ ಹಿಡಿಯ ಕತ್ತರಿಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ನನ್ನಷ್ಟು ಬಾಳಿಕೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನನ್ನನ್ನು ಕೊಂಡವರು ಬೆಳ್ಯಪ್ಪ. ಕಾಫಿ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್. ಕಾಫಿ ಗಿಡದ ಬುಡದಿಂದ ನೆಟ್ಟಗೆ ಏಳುವ ಚಿಗುರು ಗಿಡದ ಸತ್ವವನ್ನೆಲ್ಲ ಹೀರುತ್ತದೆ. ಕಂಡ ಕೂಡಲೇ ಅದನ್ನು ತೆಗೆಯಬೇಕು, ಹಳೆಯ ಕಾಂಡವನ್ನು ಉಳಿಸಬೇಕು. ಮೂವತ್ತು ವರ್ಷ ನಾವಿಬ್ಬರೂ ಅದನ್ನೇ ಮಾಡಿದೆವು. ನಮ್ಮ ಸಾಲಿನಲ್ಲಿ ಒಂದು ಚಿಗುರು ಉಳಿದದ್ದನ್ನು ಯಾರಾದರೂ ತೋರಿಸಲಿ ನೋಡೋಣ!

ನಿವೃತ್ತರಾಗಿ ಮಡಿಕೇರಿಯ ಮನೆಗೆ ಬಂದಾಗ ಹಿತ್ತಿಲಲ್ಲಿ, ಬುಡದಿಂದ ಉದ್ದ ಕಡ್ಡಿಗಳಾಗಿ ಬೆಳೆದು ಕೆಂಪು ಹಣ್ಣು ಬಿಡುವ ನಾಲ್ಕು ರಾಸ್ಪ್‌ಬೆರಿ ಗಿಡಗಳಿದ್ದವು. ಬೆಳ್ಯಪ್ಪನವರ ಹೆಂಡತಿ ಚಿನ್ನಮ್ಮನಿಗೆ ಕೋಟಗಿರಿಯ ಅಕ್ಕ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದ ಗಿಡಗಳು. ಅಕ್ಕ ಈಗಿಲ್ಲ. ಆ ಬೇಸಿಗೆ ಒಂದು ಬಟ್ಟಲು ಹಣ್ಣು ಸಿಕ್ಕಿತು. ಮಳೆ ಹಿಡಿದಾಗ ಬುಡದಲ್ಲಿ ಹೊಸ ಚಿಗುರುಗಳೆದ್ದವು. ನಮ್ಮ ಕೈ ಸುಮ್ಮನಿರುತ್ತದೆಯೇ?

"ಚೂರು ನೋಡ್ಕೊಂಡು ಮಾಡಿ. ಅಕ್ಕನ ಗಿಡ ಅದು," ಎಂದರು ಚಿನ್ನಮ್ಮ.

"ನಂಗೆ ಹೇಳ್ಕೊಡ್ಬೇಡ ಮಾರಾಯ್ತಿ," ಎಂದರು ಬೆಳ್ಯಪ್ಪ. ಒಂದೂ ಬಿಡದೆ ಸವರಿದೆವು.

ಹಳೆಯ ಕಡ್ಡಿಗಳು ಒಣಗಿದವು. ಮರುವರ್ಷದ ಮಳೆಗೆ ಎದ್ದ ಚಿಗುರುಗಳನ್ನೂ ಸವರಿದೆವು. ಎರಡು ಬೇಸಿಗೆ ಒಂದು ಹಣ್ಣೂ ಇಲ್ಲ. ಗೊಬ್ಬರ ಹಾಕಿದ್ದಾಯಿತು, ನೀರು ಬಿಟ್ಟದ್ದಾಯಿತು. ಕೊನೆಗೆ ಬೆಳ್ಯಪ್ಪ, "ಇದಕ್ಕೆ ನಮ್ಮ ಮಣ್ಣು ಹಿಡಿಸಲ್ಲ. ಕಿತ್ತು ಬೀನ್ಸ್ ಹಾಕುವ," ಎಂದು ಗುದ್ದಲಿ ತಂದರು. ಚಿನ್ನಮ್ಮ ಕಣ್ಣೊರೆಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಕಡೆ ಹೋದರು.

"ರೀ, ಗುದ್ದಲಿ ಬಿಟ್ಟು ಬನ್ನಿ ಇಲ್ಲಿ!"

ಕಲ್ಲಿನ ಹಿಂದೆ, ಗೋಡೆಗೊರಗಿ ಒಂದು ಕಡ್ಡಿ ನಿಂತಿತ್ತು. ಮೈತುಂಬ ಹಣ್ಣು.

"ಇದು ಹೋದ ಮಳೇಲಿ ಅಕ್ಕನ ಗಿಡದ ಬೇರಿಂದ್ಲೇ ಇಲ್ಲಿ ಎದ್ದ ಚಿಗುರು. ನಿಮ್ಮ ಕಣ್ಣಿಗೆ ಬಿದ್ದಿದ್ರೆ ಇದೂ ಇರ್ತಿರ್ಲಿಲ್ಲ. ಹಳೇದು ಒಂದ್ಸಲ ಹಣ್ಣು ಕೊಟ್ಟು ಸಾಯ್ತದೆ. ಮುಂದಿನ ವರ್ಷದ ಹಣ್ಣನ್ನೇ ನೀವು ಕಡೀತಾ ಬಂದ್ರಿ!"

ಬೆಳ್ಯಪ್ಪ ಒಂದು ಹಣ್ಣು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನನಗೂ ನಾಚಿಕೆಯಾಯಿತು. ಗುದ್ದಲಿ ಕೊಟ್ಟಿಗೆಗೆ ಮರಳಿತು.

ಅಂದಿನಿಂದ ಹಣ್ಣು ಮುಗಿದ ಕಡ್ಡಿಯನ್ನು ನೆಲದ ಮಟ್ಟಕ್ಕೆ ಕತ್ತರಿಸುತ್ತೇವೆ. ಗಿಡಕ್ಕೆ ಐದಾರು ಗಟ್ಟಿ ಚಿಗುರುಗಳನ್ನು ಬಿಟ್ಟು ತಂತಿಗೆ ಕಟ್ಟುತ್ತಾರೆ, ಬುಡಕ್ಕೆ ತರಗೆಲೆ ಹೊದಿಸುತ್ತಾರೆ. ನಾಲ್ಕು ಗಿಡ ಹನ್ನೊಂದಾಗಿವೆ. ಜಾಮ್ ಬಾಟಲಿಗಳು ನೆಂಟರ ಮನೆಗೂ ಹೋಗುತ್ತವೆ.

ನನಗೀಗ ವಯಸ್ಸಾಗಿದೆ, ಸ್ಪ್ರಿಂಗ್ ಸಡಿಲವಾಗಿದೆ. ಉಳಿದ ಕೆಲಸಕ್ಕೆಲ್ಲ ಕೆಂಪು ಹಿಡಿಯ ಹೊಸಬ ಬಂದಿದ್ದಾನೆ. ನಾನು ಬಚ್ಚಲಿನ ಮೊಳೆಯಲ್ಲಿರುತ್ತೇನೆ. ರಾಸ್ಪ್‌ಬೆರಿಗೆ ಮಾತ್ರ ನಾನೇ ಬೇಕು. ಹಣ್ಣು ಮುಗಿದ ಮೇಲೆ ಬೆಳ್ಯಪ್ಪ ನನ್ನನ್ನು ಸಾಣೆ ಹಿಡಿದು ಸಾಲಿನ ಮುಂದೆ ಕೂರುತ್ತಾರೆ. ಅರವತ್ತು ಆಳುಗಳಿಗೆ ಹೀಗೆ ಕಡಿ, ಹಾಗೆ ಕಡಿ ಎಂದು ಹೇಳುತ್ತಿದ್ದವರು ಈಗ ಕತ್ತೆತ್ತಿ ಕೇಳುತ್ತಾರೆ:

"ಚಿನ್ನಮ್ಮ, ಯಾವುದು ಕಡೀಲಿ?"

ಆಕೆ ಬೆರಳಿಟ್ಟು ತೋರಿಸುವವರೆಗೆ ನಾವಿಬ್ಬರೂ ಕಾಯುತ್ತೇವೆ.