ಬಾಣವಿಲ್ಲದ ಪುಟ

ಸಂಜೆ ಕಾಲೇಜಿನಲ್ಲಿ ಅವರಿಗೆ ಬಾಣದ ಮೇಡಂ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ನಿಜ. ಆದರೆ ಹಾಜರಿ ಪುಸ್ತಕದ ರಟ್ಟಿನ ಮೇಲೆ ಯಾರೋ ಬಿಡಿಸಿಟ್ಟಿದ್ದ ಬಿಲ್ಲು ನೋಡಿ ಮೇಡಂ ಒಳಗೊಳಗೇ ನಕ್ಕು ಸುಮ್ಮನಾಗಿದ್ದರು. ತಪ್ಪು ಅವರದೇ. ಪಾಠ ಕೇಳುವಾಗ ಟಿಪ್ಪಣಿ ಬರೆದುಕೊಳ್ಳುವುದು ಹೇಗೆ ಎಂಬುದನ್ನು ಇಪ್ಪತ್ತು ವರ್ಷದಿಂದ ಬೋರ್ಡು ಸವೆಯುವಂತೆ ಹೇಳುತ್ತ ಬಂದಿದ್ದರು. ಪಾಠದ ಬೆನ್ನೆಲುಬಾದ ಪರಿಕಲ್ಪನೆಗೆ ಸುತ್ತ ಒಂದು ವೃತ್ತ. ಲೆಕ್ಕ, ಇಸವಿ, ನಡೆದ ಸಂಗತಿ ಬಂದರೆ ಅಡಿಗೆ ಒಂದು ಗೆರೆ. ಇದರಿಂದಾಗಿ ಇದು ಎಂದು ಯಾರಾದರೂ ವಾದ ಹೂಡಿದರೆ ಇಲ್ಲಿಂದ ಅಲ್ಲಿಗೊಂದು ಬಾಣ. ವೃತ್ತ, ಗೆರೆ ಎರಡನ್ನೂ ಯಾರು ಬೇಕಾದರೂ ಹಾಕಿಯಾರು, ಬಾಣ ತಪ್ಪಿದರೆ ಮಾತ್ರ ಇಡೀ ಪುಟ ನೀರಲ್ಲಿ ಹೋಮ ಎನ್ನುವುದು ಅವರ ನಂಬಿಕೆ.

ಆ ವರ್ಷ ಅವರ ಪಾಠಕ್ಕೆ ಜಪ್ಪಯ್ಯ ಎಂದರೂ ಬಗ್ಗದವಳು ಒಬ್ಬಳೇ. ಸ್ಟೆನೊ. ಇಪ್ಪತ್ತೈದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಇಳಿಸಿಕೊಂಡು, ಐವತ್ತಕ್ಕೆ ಕೆಲಸ ಬಿಟ್ಟು, ಪದವಿ ಮಾಡುತ್ತೇನೆಂದು ಬಂದವಳು. ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಮೇಡಂ ಬಾಯಿಂದ ಬಿದ್ದದ್ದನ್ನೆಲ್ಲ ನೆಲ ಮುಟ್ಟುವ ಮೊದಲೇ ಹಿಡಿದುಬಿಡುತ್ತಿದ್ದಳು. ಒಮ್ಮೆ ಅವಳ ನೋಟ್‌ಬುಕ್ ತೆಗೆಸಿ ಓದಿಸಿದರೆ, ಪಾಠದ ನಟ್ಟನಡುವೆ, "ಮೇಡಂ ಕೆಮ್ಮಿದರು. ಹಿಂದಿನ ಬೆಂಚಿನವರು ಫ್ಯಾನ್ ಹಾಕಿ ಅಂದರು. ಹಾಕಲಿಲ್ಲ." ತರಗತಿ ಬಿದ್ದು ಬಿದ್ದು ನಕ್ಕಿತು. ಸ್ಟೆನೊ ನಗಲಿಲ್ಲ. ಹಾಕಲಿಲ್ಲವಲ್ಲ, ಅದಕ್ಕೇ ಬರೆದೆ ಎಂದಳು.

ಮೊದಲ ಪರೀಕ್ಷೆಯಲ್ಲಿ ಅವಳು ಢಮಾರ್. ಮೇಡಂ ಕರೆದು ಕೂರಿಸಿಕೊಂಡು, ಎಲ್ಲವನ್ನೂ ಬರೆದರೆ ಏನನ್ನೂ ಬರೆಯದ ಹಾಗೆಯೇ, ಬಿಡುವುದನ್ನು ಕಲಿ ಎಂದು ಬುದ್ಧಿ ಹೇಳಿದರು. ಅವಳು ತಲೆ ತಗ್ಗಿಸಿ ಕೇಳಿದಳು. ಕೊನೆಗೆ ಒಂದೇ ಮಾತು: "ಒಂದು ಪದ ಬಿಟ್ಟಿದ್ದಕ್ಕೆ ಜೈಲಿಗೆ ಹೋದವರನ್ನ ನೋಡಿದೀನಿ ಮೇಡಂ. ಯಾವುದು ಮುಖ್ಯ ಅಂತ ಹೇಳೋಕೆ ನಾನ್ಯಾರು?" ಮೇಡಂ ಸಿಟ್ಟಿನಿಂದ ಉತ್ತರಪತ್ರಿಕೆ ಮಡಚಿ ಅವಳ ಕೈಗಿಟ್ಟರು.

ಆ ವಾರವೇ ಮೇಡಂ ಅವರ ಅಕ್ಕ ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದದ್ದು.

ಅಕ್ಕ ಎಂದರೆ ಬರೀ ಅಕ್ಕ ಅಲ್ಲ. ಅಮ್ಮ ಹೋದಾಗ ಮೇಡಂಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತು. ಅಂದಿನಿಂದ ಊರವರ ಬಟ್ಟೆ ಹೊಲಿದು ತಂಗಿಯನ್ನು ಓದಿಸಿದವಳು. ಈಗಲೂ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಪುಸ್ತಕ. ಅಕ್ಕನ ಹೃದಯದ ಕವಾಟ ಕಿರಿದಾಗಿದೆ, ಬದಲಿಸಬೇಕು ಎಂದರು ಡಾಕ್ಟರು. ಅಕ್ಕ ಪರದೆಯ ಆಚೆ ಮಂಚದ ಮೇಲೆ ಮಲಗಿದ್ದಳು, ಈಚೆ ಮೇಡಂ ನೋಟ್‌ಬುಕ್ ತೆರೆದುಕೊಂಡೇ ಕೂತಿದ್ದರು. ಡಾಕ್ಟರು ಇಪ್ಪತ್ತು ನಿಮಿಷ ಬಿಡಿಸಿ ಹೇಳಿದರು. ಹೊರಗೆ ಬಂದು ನೋಡಿದರೆ ಪುಟದಲ್ಲಿದ್ದದ್ದು ಎರಡೇ. 'ಆಪರೇಷನ್', ಸುತ್ತ ವೃತ್ತ. 'ನೂರಕ್ಕೆ ನಲವತ್ತು ಜನ ಉಳಿಯುವುದಿಲ್ಲ', ಅಡಿಗೆ ಗೆರೆ. ಆ ಗೆರೆ ಎಷ್ಟು ಒತ್ತಿ ಬಿದ್ದಿತ್ತೆಂದರೆ ಕೆಳಗಿನ ಹಾಳೆಗೂ ಅಚ್ಚು ಮೂಡಿತ್ತು.

ಮನೆಗೆ ಬಂದು ಅಕ್ಕನಿಗೆ ಅಷ್ಟನ್ನೇ ಓದಿದರು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ಒಂದು ಕ್ಷಣ ತಂಗಿಯ ಮುಖವನ್ನೇ ನೋಡಿದಳು. "ನಲವತ್ತಾ? ಹಾಗಾದ್ರೆ ಬೇಡ ಬಿಡು," ಎಂದು ಮತ್ತೆ ದಾರಕ್ಕೆ ಎಂಜಲು ಹಚ್ಚಿದಳು.

ಮಾರನೆಯ ದಿನ ಮೇಡಂ ಪಾಠದ ಮಧ್ಯೆ ಎರಡು ಸಲ ತಡವರಿಸಿ, ಬೋರ್ಡಿನ ಮೇಲೆ ಬಾಣ ಹಾಕುವುದನ್ನೇ ಮರೆತರು. ತರಗತಿ ಮುಗಿದ ಮೇಲೆ ಸ್ಟೆನೊ ಎದ್ದು ಹೋಗಲಿಲ್ಲ. ಏನಾಯ್ತು ಎಂದು ಅವಳು ಕೇಳಿದ್ದೇ ತಡ, ಮೇಡಂ ಎಲ್ಲ ಹೇಳಿಕೊಂಡು ಪುಟ ತೋರಿಸಿದರು. ಸ್ಟೆನೊ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ಮೇಡಂ, ಇದರಲ್ಲಿ ಬಾಣ ಇಲ್ಲ," ಎಂದಳು.

ಮೇಡಂ ಪುಟವನ್ನು ಕಿತ್ತುಕೊಂಡು ನೋಡಿದರು. ನಲವತ್ತು ಯಾರಲ್ಲಿ? ಯಾತಕ್ಕೆ? ಯಾವುದರಿಂದ ಯಾವುದಕ್ಕೆ? ಹೆದರಿಕೆಯಲ್ಲಿ ಕಿವಿಗೆ ಬಿದ್ದ ಎರಡು ತುಂಡು ಮಾತನ್ನು ಅಕ್ಕಪಕ್ಕ ಇಟ್ಟುಕೊಂಡು, ಅದನ್ನೇ ಡಾಕ್ಟರ ಮಾತು ಎಂದು ಅಕ್ಕನ ಮುಂದೆ ಓದಿಬಿಟ್ಟಿದ್ದರು. ಮೊದಲ ವರ್ಷದ ಹುಡುಗಿ ಹೀಗೆ ಮಾಡಿದ್ದರೆ ಹಾಳೆಯ ಮೇಲೆ ಕೆಂಪು ಶಾಯಿ ಹರಿಸಿರುತ್ತಿದ್ದರು.

ಶುಕ್ರವಾರ ಅಕ್ಕ ಆಸ್ಪತ್ರೆಗೆ ಹೋಗುವುದಿತ್ತು, ಬೇಡ ಎಂದು ಡಾಕ್ಟರಿಗೆ ತಾನೇ ಹೇಳುವುದಕ್ಕೆ. ತಾನೂ ಬರುತ್ತೇನೆ, ಬರೆಯುವುದು ಬಿಟ್ಟು ತನಗೆ ಬೇರೇನೂ ಬರುವುದಿಲ್ಲ ಎಂದಳು ಸ್ಟೆನೊ.

ಬಂದಳು. ಡಾಕ್ಟರ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಬರೆಯತೊಡಗಿದಳು. ನಡುವೆ ಸ್ಕ್ಯಾನ್ ಚೀಟಿ ಬೇಕೆಂದಾಗ ಮೇಡಂ ಕೌಂಟರಿಗೆ ಓಡಿ, ಸಾಲಿನಲ್ಲಿ ಹತ್ತು ನಿಮಿಷ ನಿಂತು ತಂದರು. ಎಲ್ಲ ಮುಗಿದ ಮೇಲೆ ಮೂವರೂ ಹೊರಗಿನ ಬೆಂಚಿನ ಮೇಲೆ ಕೂತರು. ಸ್ಟೆನೊ ಕೋರ್ಟಿನಲ್ಲಿ ಓದುವಂತೆ, ಏರಿಳಿತವಿಲ್ಲದೆ ಓದತೊಡಗಿದಳು.

"ಡಾಕ್ಟರು: ಹೀಗೇ ಬಿಟ್ಟರೆ ಎರಡು ವರ್ಷದಲ್ಲಿ ನೂರಕ್ಕೆ ನಲವತ್ತು ಜನ ಉಳಿಯೋದಿಲ್ಲ. ಆಪರೇಷನ್ ಮಾಡಿಸಿಕೊಂಡವರಲ್ಲಿ ಹಾಗಾಗೋದು ಮೂರೋ ನಾಲ್ಕೋ. ಅದಕ್ಕೇ ಮಾಡಿಸಿ ಅಂತ ಹೇಳ್ತಿರೋದು."

ಒಳಗೆ ಹೆದರಿಕೆಯಲ್ಲಿ ಈ ಸಲವೂ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ತಾವು ತಿರುವುಮುರುವು ಬರೆದ ಒಂದು ಸಾಲಿಗೆ ಅಕ್ಕನನ್ನೇ ಕಳೆದುಕೊಳ್ಳುತ್ತಿದ್ದರು. ತಪ್ಪಾಯ್ತು ಅಕ್ಕಾ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸ್ಟೆನೊ ಎದುರು ಪುಟಕ್ಕೆ ಬೆರಳು ಸರಿಸಿದಳು. ಅಕ್ಕ ಥಟ್ಟನೆ ಅವಳ ಮಣಿಕಟ್ಟು ಹಿಡಿದಳು.

"ಅಷ್ಟು ಸಾಕಮ್ಮ. ಮುಂದಿನದು ಬೇಡ."

"ಬಿಡೋಕೆ ನನಗೆ ಬರಲ್ಲಕ್ಕ," ಎಂದಳು ಸ್ಟೆನೊ. ಮೆತ್ತಗೇ ಅಂದಳು. ಆಮೇಲೆ ಓದಿದಳು.

"ತಂಗಿ ಚೀಟಿ ತರಲು ಹೊರಗೆ ಹೋದರು. ಅಕ್ಕ: ನೀವು ಅವತ್ತು ಹೇಳಿದ್ದು ನನಗೆ ಸರಿಯಾಗೇ ಕೇಳಿಸ್ತು ಡಾಕ್ಟ್ರೇ. ಅವಳೇ ಹೆದರಿ ತಪ್ಪು ಬರ್ಕೊಂಡ್ಳು. ನನಗೂ ಒಳ್ಳೇದೇ ಆಯ್ತು ಅಂತ ಸುಮ್ಮನಾದೆ. ಆಪರೇಷನ್ ಆದ್ರೆ ಆರು ವಾರ ನನ್ನನ್ನ ಎತ್ತಿ ಕೂರಿಸೋರು ಯಾರು? ಅವಳೊಬ್ಳೇ. ಅವಳ ಕಾಲೇಜು ಮಕ್ಕಳಿಗೆ ಪರೀಕ್ಷೆ ಹತ್ರ ಬಂತು. ನನ್ನ ಸೇವೆ ಮಾಡ್ಲಿ ಅಂತ ನಾನು ಅವಳನ್ನ ಬೆಳೆಸ್ಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಅಕ್ಕ ಕಣ್ಣು ಒರೆಸಿಕೊಂಡರು. ತಂಗಿ ಒಳಗೆ ಬಂದರು."

ಆಸ್ಪತ್ರೆಯ ಓಣಿಯಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅಕ್ಕ ಸೆರಗಿನ ಅಂಚಿನ ಹೊಲಿಗೆಯನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಮೇಡಂಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಸ್ಟೆನೊಳ ಕೈಯಿಂದ ಪೆನ್ನು ತೆಗೆದುಕೊಂಡರು. ಪರೀಕ್ಷೆ ಹತ್ತಿರ ಬಂದ ಮಕ್ಕಳಲ್ಲಿ ಅವಳೂ ಒಬ್ಬಳು ಎನ್ನುವುದು ಆಗ ನೆನಪಾಯಿತು. ಶೀಘ್ರಲಿಪಿ ತಮಗೆ ಬಾರದು, ಅಕ್ಕನ ಮಾತು ಎಲ್ಲಿದೆ, ಆಪರೇಷನ್ ಎಲ್ಲಿದೆ ತೋರಿಸು ಎಂದರು. ಅವಳು ಬೆರಳಿಟ್ಟು ತೋರಿಸಿದಳು. 'ಅವಳೊಬ್ಳೇ' ಎಂಬಲ್ಲಿಂದ ಮೇಡಂ ಒಂದು ಬಾಣ ಎಳೆದರು. ಎದುರು ಪುಟದ ತನಕ, ಆಪರೇಷನ್ ಎಂದಿದ್ದ ಕಡೆಗೆ.

"ಬೇಡ ಅನ್ನೋಕೆ ಇದನ್ನ ಕಾರಣ ಮಾಡ್ಕೊಂಡೆ ನೀನು," ಎಂದರು. "ಆಗಲಿ ಅನ್ನೋಕೂ ಇದೇ ಕಾರಣ ಅಕ್ಕಾ. ನಾನೊಬ್ಳೇ. ನೀನು ಹೋದ್ರೆ ನನ್ನನ್ನ ಎತ್ತಿ ಕೂರಿಸೋರು ಯಾರು?"

ಅಕ್ಕ ಬಾಣವನ್ನು ನೋಡಿದಳು. ಅದರ ತುದಿಯನ್ನು ಬೆರಳಿನಿಂದ ಸವರಿದಳು, ಹೊಲಿಗೆ ನೆಟ್ಟಗಿದೆಯೇ ಎಂದು ನೋಡುವವಳಂತೆ.

"ಆರು ವಾರ ನಿನ್ನ ಅಡುಗೆ ತಿನ್ನಬೇಕಲ್ಲೇ," ಎಂದಳು. "ಅದು ಒಂದು ದೊಡ್ಡ ಸಂಗತಿ. ಅದಕ್ಕೊಂದು ಗೆರೆ ಎಳಿ."

ಮೂವರೂ ನಕ್ಕರು. ಮೇಡಂ ನಗು ಅರ್ಧದಲ್ಲೇ ಒಡೆಯಿತು. ಅಕ್ಕ ಅವರ ತಲೆಯನ್ನು ಎಳೆದು ಹೆಗಲಿಗೆ ಒರಗಿಸಿಕೊಂಡು, ಆರು ವರ್ಷದವಳಿಗೆ ಹೇಳುವಂತೆ, ಕಿವಿಯ ಹತ್ತಿರ ಏನೋ ಹೇಳತೊಡಗಿದಳು. ಎರಡಡಿ ದೂರದಲ್ಲಿದ್ದ ಸ್ಟೆನೊಗೆ ಅದು ಅಕ್ಷರ ಅಕ್ಷರವೂ ಕೇಳಿಸುತ್ತಿತ್ತು. ಅವಳು ಮೇಡಂ ಕೈಯಿಂದ ಪೆನ್ನು ಬಿಡಿಸಿಕೊಂಡು ಅದರ ಮುಚ್ಚಳ ಹಾಕಿದಳು.

ಡಾಕ್ಟರ ಬಾಗಿಲು ತಟ್ಟಲು ಮೂವರೂ ಎದ್ದಾಗ ಅವಳು ಮೇಡಂ ಪಕ್ಕಕ್ಕೆ ಬಂದು, ಪರೀಕ್ಷೆಗೆ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು:

"ಮೇಡಂ, ಈಗ ಅಕ್ಕ ಹೇಳಿದ್ದನ್ನ ನಾನು ಬಿಟ್ಟೆ."